ರಾಜ್ಯವೊಂದರ ಕುಟುಂಬ ಆದಾಯ: ದೀರ್ಘಾವಧಿಯ ಗೆರೆಯನ್ನು ಓದುವ ಬಗೆ

ಅಮೆರಿಕದ ಯಾವುದೇ ರಾಜ್ಯದ ಸರಾಸರಿ ಕುಟುಂಬ ಆದಾಯದ ರೇಖಾಚಿತ್ರವನ್ನು ನೋಡಿ, ಮೂವತ್ತು ನಲವತ್ತು ವರ್ಷಗಳಲ್ಲಿ ಗೆರೆ ಮೇಲಕ್ಕೇ ಹೋಗಿರುತ್ತದೆ. ಆ ಏರಿಕೆಯಲ್ಲಿ ನಿಜವಾದ ಗಳಿಕೆ ಎಷ್ಟು ಎಂದು ಬಿಡಿಸಿ ನೋಡುವುದೇ ನಮ್ಮ ಕೆಲಸ.

ಮೊದಲು ಬೆಲೆ. ಜನ ಕೊಳ್ಳುವ ವಸ್ತು, ಸೇವೆಗಳ ಬೆಲೆ ಎಷ್ಟು ಏರಿತೆಂದು ಅಳೆಯುವ ಅಲ್ಲಿನ ಗ್ರಾಹಕ ಬೆಲೆ ಸೂಚ್ಯಂಕಕ್ಕೆ 1982–84ರ ಮಟ್ಟವೇ 100. ವಾರ್ಷಿಕ ಸರಾಸರಿ 2000ದಲ್ಲಿ 172.2 ಇದ್ದದ್ದು 2023ರಲ್ಲಿ 304.7 ಆಯಿತು. ಒಂದು ಕಾಲ್ಪನಿಕ ರಾಜ್ಯದಲ್ಲಿ ಇದೇ ಅವಧಿಯಲ್ಲಿ ಕುಟುಂಬ ಆದಾಯ 40,000 ಡಾಲರ್‌ನಿಂದ 70,000ಕ್ಕೆ ಏರಿತು ಎನ್ನೋಣ. ಮೇಲ್ನೋಟಕ್ಕೆ ಶೇ 75ರ ಹೆಚ್ಚಳ. 70,000ವನ್ನು 172.2ರಿಂದ ಗುಣಿಸಿ 304.7ರಿಂದ ಭಾಗಿಸಿದರೆ ಉಳಿಯುವುದು 2000ದ ಡಾಲರ್‌ಗಳಲ್ಲಿ ಸುಮಾರು 39,560. ಅಂದರೆ ನೈಜ ಆದಾಯ ಕೊಂಚ ಇಳಿದಿದೆ! ಒಂದು ತೊಡಕೂ ಇದೆ: ಈ ಸೂಚ್ಯಂಕವನ್ನು ರಾಜ್ಯವಾರು ಪ್ರಕಟಿಸುವುದಿಲ್ಲ. ಹಾಗಾಗಿ ರಾಷ್ಟ್ರದ ಸೂಚ್ಯಂಕವನ್ನೇ ಎಲ್ಲ ರಾಜ್ಯಗಳಿಗೂ ಬಳಸುವುದು ರೂಢಿ. ಬಾಡಿಗೆ ವಿಪರೀತ ಏರಿದ ರಾಜ್ಯದ ಗಳಿಕೆ ಆಗ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಸರಾಸರಿಯೋ ಮಧ್ಯಾಂಕವೋ (ಆದಾಯಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವುದು) ಎಂಬುದು ಎಲ್ಲರಿಗೂ ಗೊತ್ತಿರುವ ಪಾಠ, ಬೇಗ ಮುಗಿಸುತ್ತೇನೆ. ಐದು ಕುಟುಂಬಗಳ ಆದಾಯ 20, 30, 40, 50, 60 ಸಾವಿರ. ಕೊನೆಯದು 260 ಸಾವಿರಕ್ಕೆ ಜಿಗಿದರೆ ಸರಾಸರಿ 40ರಿಂದ 80 ಸಾವಿರಕ್ಕೆ ಇಮ್ಮಡಿಯಾಗುತ್ತದೆ. ಮಧ್ಯಾಂಕ 40 ಸಾವಿರದಲ್ಲೇ ನಿಂತಿರುತ್ತದೆ.

ಮನೆಯ ಗಾತ್ರದ ಲೆಕ್ಕ ಮಾತ್ರ ಎದುರು ದಿಕ್ಕಿಗೆ ಎಳೆಯುತ್ತದೆ. ಈ ಅಂಕಿಅಂಶಗಳಲ್ಲಿ ಒಂದೇ ಮನೆಯಲ್ಲಿ ವಾಸಿಸುವ ಎಲ್ಲರೂ ಸೇರಿ ಒಂದು ಘಟಕ. ಒಂಟಿಯಾಗಿ ಇರುವವರದೂ ಒಂದು ಘಟಕವೇ. 1960ರಲ್ಲಿ ಅಲ್ಲಿ ಮನೆಗೆ ಸರಾಸರಿ 3.33 ಜನರಿದ್ದರು, ಈಗ ಸುಮಾರು 2.5. ಆದಾಯ ಹಿಗ್ಗದಿದ್ದರೂ ತಲೆಗೆ ಬರುವ ಪಾಲು ಹೆಚ್ಚಿರಬಹುದು. ನಿವೃತ್ತರ ಸಂಖ್ಯೆ ಬೆಳೆಯುತ್ತಿರುವ ರಾಜ್ಯದಲ್ಲಿ ಯಾರ ಸಂಬಳವೂ ಕಡಿತಗೊಳ್ಳದೆ ಸರಾಸರಿ ಕುಸಿಯಬಹುದು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ವಲಸೆ. ದೇಶದ ಗಡಿಗಿಂತ ರಾಜ್ಯದ ಗಡಿ ದಾಟುವುದು ಬಹಳ ಸುಲಭ. ನಾರ್ತ್ ಡಕೋಟಾದಲ್ಲಿ ಬಾಕನ್ ಶಿಲಾಪದರದ ತೈಲ ತೆಗೆಯುವ ಭರಾಟೆ 2008ರ ಆಸುಪಾಸಿನಲ್ಲಿ ಜೋರಾದಾಗ ಹೊರಗಿನ ಕಾರ್ಮಿಕರು ಸಾಲುಗಟ್ಟಿ ಬಂದರು. ಆದಾಯ ಏರಿತು ನಿಜ. ಆ ಏರಿಕೆಯಲ್ಲಿ ಹಳೆಯ ನಿವಾಸಿಗಳ ಪಾಲೆಷ್ಟು, ಹೊಸಬರು ಹೊತ್ತು ತಂದದ್ದೆಷ್ಟು ಎಂಬುದನ್ನು ರಾಜ್ಯದ ಸರಾಸರಿಯೊಂದೇ ಹೇಳಲಾರದು. ಮಿಷಿಗನ್‌ನದು ಇದರ ತದ್ವಿರುದ್ಧ ಕಥೆ: ಮೋಟಾರು ಉದ್ಯಮ ಸೊರಗಿದ 2000–2010ರ ದಶಕದಲ್ಲಿ ಜನಸಂಖ್ಯೆ ಇಳಿದ ಏಕೈಕ ರಾಜ್ಯ ಅದು, ನೈಜ ಕುಟುಂಬ ಆದಾಯವೂ ಕುಸಿಯಿತು. ಊರು ಬಿಟ್ಟವರು ಮತ್ತೊಂದು ರಾಜ್ಯದಲ್ಲಿ ಚೆನ್ನಾಗಿ ಗಳಿಸುತ್ತಿದ್ದರೂ ಆ ಗಳಿಕೆ ಮಿಷಿಗನ್‌ನ ಗೆರೆಯಲ್ಲಿ ಕಾಣುವುದಿಲ್ಲ. ಆದ್ದರಿಂದ ಆದಾಯದ ಗೆರೆಯ ಪಕ್ಕದಲ್ಲೇ ಜನಸಂಖ್ಯೆಯ ಗೆರೆಯನ್ನೂ ಎಳೆದು ನೋಡಿ.

ಕೊನೆಗೆ, ದತ್ತಾಂಶದ ಹೊಲಿಗೆ ಎಲ್ಲಿದೆ ಎಂದು ಗಮನಿಸಿ. 2000ದ ಜನಗಣತಿ 1999ರ ಇಡೀ ವರ್ಷದ ಆದಾಯ ಕೇಳಿತ್ತು. 2005ರಿಂದ ಪೂರ್ಣ ಪ್ರಮಾಣದಲ್ಲಿ ನಡೆಯುತ್ತಿರುವ ಅಮೆರಿಕನ್ ಸಮುದಾಯ ಸಮೀಕ್ಷೆ ಕೇಳುವುದು ಹಿಂದಿನ ಹನ್ನೆರಡು ತಿಂಗಳ ಆದಾಯವನ್ನು. ಎರಡನ್ನೂ ಜೋಡಿಸಿ ಎಳೆದ ಗೆರೆಯಲ್ಲಿ ಆ ಜಾಗದಲ್ಲಿ ಸಣ್ಣ ಕೊಂಕು ಕಂಡರೆ ಅದರ ಹೊಗಳಿಕೆಯನ್ನಾಗಲಿ ತೆಗಳಿಕೆಯನ್ನಾಗಲಿ ಆಗಿನ ಗವರ್ನರ್ ತಲೆಗೆ ಕಟ್ಟಬೇಡಿ.