ಸ್ಲೋ ಮಾಡಿದ್ರೆ ಬಂದ್ ಬೀಳೋ ಇಂಜಿನ್: ಸ್ಕ್ರೂಗೆ ಕೈ ಹಾಕೋ ಮೊದ್ಲು

ನಮ್ಮ ಕರಾವಳಿಯ ಗಂಗೊಳ್ಳಿ ಕಡೆ ಜೂನ್ ಬಂತು ಅಂದ್ರೆ ದೋಣಿ ಇಂಜಿನ್ ರಿಪೇರಿ ಮಾಡೋ ನನ್ನ ಶೆಡ್ಡಲ್ಲಿ ಒಂದೇ ಮಾತು. "ಹ್ವಾಯ್, ರೇಸಲ್ಲಿ ಲಾಯ್ಕ್ ಓಡತ್ತ್, ಸ್ಲೋ ಮಾಡ್ರೆ ಬಂದ್ ಬೀಳತ್ತ್." ಜೂನ್ 1ರಿಂದ ಜುಲೈ 31ರ ತನಕ ಮಳೆಗಾಲದ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿ, ಕಡಲಿಗಿಳಿಯೋದು 10 ಹೆಚ್‌ಪಿ ಒಳಗಿನ ಇಂಜಿನ್ ಕಟ್ಟಿದ ನಾಡದೋಣಿಗಳು ಮಾತ್ರ, ಅದ್ರಲ್ಲಿ ಎಷ್ಟೋ ಇಂಜಿನ್ನುಗಳಿಗೆ ಅದನ್ನ ಹಿಡ್ಕೊಂಡು ಕೂತ ಹುಡುಗನಿಗಿಂತ ಜಾಸ್ತಿ ವಯಸ್ಸು. ಹೊಳೆ ಕಡಲು ಸೇರೋ ಅಳಿವೆ ಬಾಯಲ್ಲಿ ತೆರೆ ನೋಡ್ಕೊಂಡು ಒಂದು ಕ್ಷಣ ರೇಸ್ ಇಳಿಸಿ ನಿಲ್ಬೇಕಾಗ್ತದೆ, ಆಗ ಇಂಜಿನ್ ಬಂದ್ ಆದ್ರೆ ದೋಣಿ ಅಡ್ಡ ತಿರುಗ್ತದೆ. ಅದಕ್ಕೇ ಇದನ್ನ ಸಣ್ಣ ಕಂಪ್ಲೇಂಟ್ ಅಂತ ನಾನು ಯಾವತ್ತೂ ಹೇಳೋದಿಲ್ಲ.

ಎಲ್ರೂ ಮಾಡೋ ಔಷಧಿ ಒಂದೇ, ಐಡಲ್ (ಸ್ಲೋದಲ್ಲಿನ ವೇಗ) ಏರಿಸೋ ಸ್ಕ್ರೂ ಎರಡು ಸುತ್ತು ಒಳಗೆ. ಇಂಜಿನ್ ಬಂದ್ ಬೀಳೋದಿಲ್ಲ ಹೌದು, ಆದ್ರೆ ಜ್ವರ ಇಳಿದಿಲ್ಲ, ಥರ್ಮಾಮೀಟರ್ ಮುರಿದು ಹಾಕಿದ್ದು ಅಷ್ಟೆ. ಸಣ್ಣ ಟು-ಸ್ಟ್ರೋಕ್ ಇಂಜಿನ್ ಗೇರಲ್ಲಿದ್ದಾಗ ಮಾಡೆಲ್ ಮೇಲೆ 700ರಿಂದ 900 ಆರ್‌ಪಿಎಂ ಆಸುಪಾಸು ತಿರುಗ್ಬೇಕು, ಅದನ್ನ 1,500ಕ್ಕೆ ಏರಿಸಿ ಇಟ್ರೆ ಪ್ರತಿ ಸಲ ಗೇರ್ ಹಾಕುವಾಗ ಕೆಳಗೆ ಗೇರ್ ಕಚ್ಚಿಸೋ ಡಾಗ್ ಕ್ಲಚ್ಚಿನ ಹಲ್ಲಿಗೆ ಸುತ್ತಿಗೆ ಏಟು ಬಿದ್ದ ಹಾಗೆ.

ರೇಸಲ್ಲಿ ಸರಿ, ಸ್ಲೋದಲ್ಲಿ ಮಾತ್ರ ತೊಂದ್ರೆ ಯಾಕೆ? ರೇಸಲ್ಲಿ ಎಣ್ಣೆ (ಪೆಟ್ರೋಲ್ ಇಲ್ಲಾ ಸೀಮೆಎಣ್ಣೆ) ಬರೋದು ಎಣ್ಣೆ ಗಾಳಿ ಬೆರೆಸೋ ಕಾರ್ಬೋರೇಟರಿನ ಮೇನ್ ಜೆಟ್ಟಿನಿಂದ, ಅದರ ತೂತು ದೊಡ್ಡದು, ಸ್ವಲ್ಪ ಕಸ ಇದ್ರೂ ದಾಟಿ ಹೋಗ್ತದೆ. ಸ್ಲೋದಲ್ಲಿ ಥ್ರಾಟಲ್ ತಟ್ಟೆ ಹೆಚ್ಚುಕಮ್ಮಿ ಮುಚ್ಚಿರ್ತದೆ, ಆಗ ಇಂಜಿನ್ ಉಸಿರಾಡೋದು ಪೈಲಟ್ ಜೆಟ್ಟಿನ ಕೂದಲೆಳೆ ತೂತಿನ ಮೇಲೆ. ಸೀಮೆಎಣ್ಣೆಯ ಅಂಟು ಅಲ್ಲಿ ಒಂದು ಪದರ ಕೂತ್ರೂ ಸಾಕು. ಗಾಳಿದೂ ಹಾಗೇ, ಎರಡು ಭಾಗ ಕೂಡೋ ಕಡೆ ಹಾಕೋ ತೆಳು ಗ್ಯಾಸ್ಕೆಟ್ ಸೀಳಿ ಒಳಗೆ ನುಗ್ಗೋ ಒಂದಿಷ್ಟು ಗಾಳಿ ರೇಸಲ್ಲಿ ಲೆಕ್ಕಕ್ಕೇ ಇಲ್ಲ, ಸ್ಲೋದಲ್ಲಿ ಅದೇ ಗಾಳಿ ಮಿಕ್ಸ್ಚರ್ ತೆಳ್ಳಗೆ ಮಾಡಿ (ಎಣ್ಣೆ ಕಮ್ಮಿ, ಗಾಳಿ ಜಾಸ್ತಿ) ಇಂಜಿನ್ ಕೊಲ್ತದೆ.

ಹಾಗಾಗಿ ನಾನು ಸ್ಪ್ಯಾನರ್ ಹಿಡಿಯೋ ಮೊದ್ಲು ಬಲ್ಬ್ ಹಿಡೀತೇನೆ, ಟ್ಯಾಂಕಿಂದ ಬರೋ ಪೈಪಲ್ಲಿರೋ ಆ ರಬ್ಬರ್ ಬಲ್ಬ್. ಇಂಜಿನ್ ಸಾಯೋಕೆ ಶುರು ಆದ ಹೊತ್ತಿಗೆ ಅದನ್ನ ಮೆಲ್ಲ ಒತ್ತಿ. ಚೇತರಿಸಿಕೊಂಡ್ರೆ ಎಣ್ಣೆ ಸಾಕಷ್ಟು ಬರ್ತಾ ಇಲ್ಲ ಅಂತ, ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದ್ಯಾ ನೋಡಿ (ನಗಬೇಡಿ, ಇದೊಂದಕ್ಕೇ ಇಂಜಿನ್ ಹೊತ್ತುಕೊಂಡು ಬಂದವ್ರಿದ್ದಾರೆ), ಪೈಪಿನ ಕನೆಕ್ಟರ್ ಒಳಗಿನ ಓ-ರಿಂಗ್ ನೋಡಿ, ಆಮೇಲೆ ಫ್ಯುಯೆಲ್ ಪಂಪಿನ ಡಯಾಫ್ರಮ್ ಅನ್ನೋ ತೆಳು ಪೊರೆ. ಒತ್ತಿದ್ರೆ ಇನ್ನೂ ಬೇಗ ಸಾಯ್ತದೆ ಅಂದ್ರೆ ಎಣ್ಣೆ ಜಾಸ್ತಿ ಆಗ್ತಿದೆ, ಕಾರ್ಬೋರೇಟರಿಗೆ ಎಣ್ಣೆ ತಡೆಯೋ ಫ್ಲೋಟಿನ ಸೂಜಿ ಸರಿ ಕೂರ್ತಿಲ್ಲ. ಏನೂ ವ್ಯತ್ಯಾಸ ಇಲ್ವಾ, ಗಾಳಿ ಕಮ್ಮಿ ಮಾಡೋ ಚೋಕ್ ಅರ್ಧ ಎಳೀರಿ. ಚೋಕಿಗೆ ಇಂಜಿನ್ ಎದ್ದು ನಿಂತ್ರೆ ಮಿಕ್ಸ್ಚರ್ ತೆಳ್ಳಗಾಗಿದೆ, ಅಂದ್ರೆ ಪೈಲಟ್ ಜೆಟ್ ಕಟ್ಟಿದೆ ಇಲ್ಲಾ ಎಲ್ಲೋ ಗಾಳಿ ಎಳೀತಿದೆ. ಒಂದು ರೂಪಾಯಿ ಖರ್ಚಿಲ್ದೆ ಅರ್ಧ ಡಯಾಗ್ನೋಸಿಸ್ ಇಲ್ಲೇ ಮುಗೀತದೆ.

ಕಾರ್ಬೋರೇಟರ್ ಬಿಚ್ಚೋ ಮೊದ್ಲು ಅದರ ತಳದ ಎಣ್ಣೆ ಒಂದು ಗಾಜಿನ ಬಾಟ್ಲಿಗೆ ಬಿಟ್ಟು ಬೆಳಕಿಗೆ ಹಿಡೀರಿ. ತಳದಲ್ಲಿ ಮಣಿ ಉರುಳಿದ ಹಾಗೆ ಉರುಳಿದ್ರೆ ಅದು ನೀರು. ಮಳೆಗಾಲದಲ್ಲಿ ಇದು ಮಾಮೂಲು, ಮೇಲಿಂದ ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ತನಕ ಎಥನಾಲ್, ಅದು ನೀರನ್ನ ಎಳ್ಕೊಳ್ತದೆ, ಜಾಸ್ತಿ ಆದ್ರೆ ಎಥನಾಲ್ ನೀರು ಎರಡೂ ಸೇರಿ ತಳಕ್ಕೆ ಇಳೀತವೆ. ಹಳೇ ರಬ್ಬರಿಗೂ ಎಥನಾಲ್ ಆಗಿ ಬರೋದಿಲ್ಲ. ಇನ್ನು ಜೆಟ್ ಕ್ಲೀನ್ ಮಾಡೋಕೆ ಸ್ಟೀಲ್ ತಂತಿ, ಹೊಲಿಗೆ ಸೂಜಿ ಹಾಕೋದು ಬಿಡಿ, ತೂತು ಅಗಲ ಆದ್ರೆ ಮತ್ತೆ ಆ ಜೆಟ್ ಎಸೀಬೇಕು ಅಷ್ಟೆ, ಕ್ಲೀನರಲ್ಲಿ ನೆನೆಸಿ ಗಾಳಿ ಹೊಡೀರಿ, ಆಕಾಶಕ್ಕೆ ಹಿಡಿದ್ರೆ ತೂತು ದುಂಡಗೆ ಕಾಣ್ಬೇಕು. ಸ್ಲೋದ ಮಿಕ್ಸ್ಚರ್ ಹೊಂದಿಸೋ ಪೈಲಟ್ ಸ್ಕ್ರೂ ತೆಗೆಯೋ ಮೊದ್ಲು ಮೆಲ್ಲ ಒಳಗೆ ತಿರುಗಿಸಿ ಎಷ್ಟು ಸುತ್ತು ಅಂತ ಬರ್ಕೊಳ್ಳಿ.

ಸೀಮೆಎಣ್ಣೆ ಇಂಜಿನ್ನಿನವ್ರಿಗೆ ಒಂದು ಮಾತು. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಬಿಸಿ ಆದ ಮೇಲೆ ಸೀಮೆಎಣ್ಣೆಗೆ ಹಾಕೋದು ಎಲ್ರಿಗೂ ಗೊತ್ತು, ಆದ್ರೆ ದಡಕ್ಕೆ ಬರುವಾಗ ವಾಪಸ್ ಪೆಟ್ರೋಲಿಗೆ ಹಾಕಿ ಕೊನೇ ಸ್ವಲ್ಪ ಹೊತ್ತು ಓಡಿಸಿ ಬಂದ್ ಮಾಡೋದು ಯಾರೂ ಮಾಡೋದಿಲ್ಲ, ಮನೆಗೆ ಹೋಗೋ ಅವಸರ. ಕಾರ್ಬೋರೇಟರಲ್ಲಿ ಉಳಿದ ಸೀಮೆಎಣ್ಣೆ ಮರುದಿನ ಬೆಳಿಗ್ಗೆ ಹಗ್ಗ ಎಳೆಸಿ ಎಳೆಸಿ ತೋಳು ಬೀಳಿಸ್ತದೆ. ಬಲೆ ಎಳೆಯುವಾಗ ಸೀಮೆಎಣ್ಣೆಯಲ್ಲೇ ಗಂಟೆಗಟ್ಲೆ ಸ್ಲೋ ಇಟ್ರೆ ಪ್ಲಗ್ಗೂ ಕಪ್ಪು.

ಕರೆಂಟ್ ವಿಷ್ಯ ಚಿಕ್ಕದಾಗಿ ಹೇಳ್ತೇನೆ. ಎರಡು ಸಿಲಿಂಡರ್ ಇದ್ರೆ ಸ್ಲೋದಲ್ಲಿ ಒಂದೊಂದೇ ಪ್ಲಗ್ಗಿನ ಕ್ಯಾಪ್ ತೆಗೆದು ನೋಡಿ, ಯಾವುದನ್ನ ತೆಗೆದಾಗ ಸದ್ದು ಬದಲಾಗೋದಿಲ್ವೋ ಆ ಸಿಲಿಂಡರ್ ಕೆಲಸ ಮಾಡ್ತಿಲ್ಲ. ಬರಿಗೈಯಲ್ಲಿ ಬೇಡ, ಮತ್ತೆ ತೆಗೆದ ಕ್ಯಾಪಿಗೆ ಬೇರೆ ಪ್ಲಗ್ ಹಾಕಿ ಇಂಜಿನ್ ಬ್ಲಾಕಿಗೆ ತಾಗಿಸಿಡಿ, ಗಾಳಿಯಲ್ಲಿ ನೇತಾಡಿಸಿದ್ರೆ ಕಿಡಿಗೆ ಕರೆಂಟ್ ಕೊಡೋ ಸಿಡಿಐ ಡಬ್ಬಿ ಹೋಗ್ಬಹುದು. ಕಂಪ್ರೆಶನ್ನೂ (ಸಿಲಿಂಡರ್ ಒಳಗಿನ ಒತ್ತಡ) ಅಳೀರಿ, ಎರಡರ ನಡುವೆ 15 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಕಾರ್ಬೋರೇಟರ್ ತೊಳೆದು ಪ್ರಯೋಜನ ಇಲ್ಲ.

ಈ ಸಲ ಬಂದ ಒಂದು ಇಂಜಿನ್ ಕಥೆ ಹೇಳ್ಲೇಬೇಕು. 9.9 ಹೆಚ್‌ಪಿ, ಎರಡು ಸಿಲಿಂಡರ್, ಬೇರೆ ಕಡೆ ಎರಡು ಸಲ ಕಾರ್ಬೋರೇಟರ್ ಕ್ಲೀನ್ ಆಗಿದೆ, ಪ್ಲಗ್ ಹೊಸತು, ಆದ್ರೂ ಬಂದ್. ಚೋಕ್ ಎಳೆದ್ರೆ ಮಾತ್ರ ಓಡ್ತದೆ. ಜೆಟ್ ನೋಡಿದೆ, ಚೊಕ್ಕ. ಸರಿ ಅಂತ ಇಂಜಿನ್ ಓಡ್ತಿರುವಾಗ ಆಯಿಲ್ ಕ್ಯಾನಿಂದ ಕಾರ್ಬೋರೇಟರ್ ಮತ್ತು ಬ್ಲಾಕ್ ಕೂಡೋ ಜಾಗಕ್ಕೆ ಎರಡು ಹನಿ ಬಿಟ್ಟೆ. (ಪೆಟ್ರೋಲ್ ಚಿಮುಕಿಸಿ ನೋಡೋವ್ರು ಇದ್ದಾರೆ, ದಯವಿಟ್ಟು ಬೇಡ.) ಮೇಲಿನ ಬದಿಯಲ್ಲಿ ಏನಿಲ್ಲ, ಕೆಳಗಿನ ಬೋಲ್ಟಿನ ಹತ್ರ ಹನಿ ಬಿದ್ದದ್ದೇ ಸರ್ರಂತ ಒಳಗೆ ಹೋಯ್ತು, ಮುಗ್ಗರಿಸ್ತಿದ್ದ ಇಂಜಿನ್ ಎರಡು ಸೆಕೆಂಡ್ ಸಮ ಓಡಿ ಮತ್ತೆ ಮುಗ್ಗರಿಸ್ತು. ಬಿಚ್ಚಿದ್ರೆ ಗ್ಯಾಸ್ಕೆಟ್ ಅಂತ ಇದ್ದದ್ದು ಕ್ಯಾಲೆಂಡರ್ ರಟ್ಟು! ಕತ್ತರಿಯಲ್ಲಿ ಕತ್ತರಿಸಿದ್ದು, ಎಣ್ಣೆ ಕುಡಿದು ಮೆತ್ತಗಾಗಿ ಬೋಲ್ಟಿನ ಹತ್ರ ಹರಿದಿತ್ತು, ಒಂದು ಮೂಲೆಯಲ್ಲಿ 17 ಅಂತ ತಾರೀಕು ಇನ್ನೂ ಓದೋಕೆ ಆಗ್ತಿತ್ತು.

ಒಳ್ಳೆ ಗ್ಯಾಸ್ಕೆಟ್ ಹಾಕಿ ಐಡಲ್ ಸ್ಕ್ರೂ ಹೊರಗೆ ತಿರುಗಿಸ್ತಾ ಹೋದೆ, ಸರೀ ಎರಡೂವರೆ ಸುತ್ತು ಬಂತು. ಆದ್ರೆ ಕೊನೇ ಸೆಟ್ಟಿಂಗ್ ಶೆಡ್ಡಲ್ಲಿ ಮಾಡೋದಲ್ಲ, ನೀರಿನ ಡ್ರಮ್ಮಲ್ಲಿಟ್ಟು ಓಡಿಸಿದ್ರೆ ಇಂಜಿನ್ ತನ್ನ ಹೊಗೆ ತಾನೇ ಕುಡೀತದೆ, ಬರೀ ಪೈಪ್ ನೀರು ಕೊಟ್ಟು ಓಡಿಸಿದ್ರೆ ಲೋಡ್ ಇಲ್ಲದೆ ಸುಳ್ಳು ಐಡಲ್ ತೋರಿಸ್ತದೆ. ಹೊಳೆಗಿಳಿಸಿ, ದೋಣಿ ಕಟ್ಟಿ, ಬಿಸಿ ಮಾಡಿ, ಮುಂದಿನ ಗೇರಲ್ಲಿಟ್ಟು ಸೆಟ್ ಮಾಡಿದ್ವಿ. ದೋಣಿಯವ್ರು ಕಿವಿ ಬಗ್ಗಿಸಿ "ಬಂದ್ ಆಯ್ತಾ ಎಂತ?" ಅಂದ್ರು, ವರ್ಷದಿಂದ ಅಷ್ಟು ಮೆತ್ತಗಿನ ಸದ್ದು ಕೇಳಿರಲಿಲ್ಲ ಪಾಪ. ಹಿಂದೆ ಕೂಲಿಂಗ್ ನೀರು ಸಣ್ಣಗೆ ಬೀಳ್ತಾನೇ ಇತ್ತು, ಇಂಜಿನ್ ಓಡ್ತಿದೆ ಅಂತ ಅದನ್ನ ತೋರಿಸಿದೆ.

ಆಮೇಲೆ ರೇಸ್ ಕೊಟ್ಟು ನೋಡಿದ್ರೆ ಗೇರ್ ಒಂದೆರಡು ಸಲ ಜಾರ್ತು. ಡಾಗಿನ ಹಲ್ಲಿನ ಮೂಲೆ ಸವೆದಿದೆ, ಒಂದು ವರ್ಷ ಏರಿಸಿಟ್ಟ ಐಡಲ್ಲಿನ ಲೆಕ್ಕ ಅದು. ಅಳಿವೆಯಲ್ಲಿ ಅದು ಜಾರಿದ್ರೂ ಕಥೆ ಅದೇ, ಹಾಗಾಗಿ ದೋಣಿ ದಡದಲ್ಲೇ ಇದೆ, ಗೇರ್ ಕೇಸ್ ಬಿಚ್ಚಿ ನನ್ನ ಟೇಬಲ್ ಮೇಲಿದೆ, ಪಾರ್ಟ್ ಬರೋ ತನಕ ಅವ್ರು ತಮ್ಮನ ದೋಣಿಯಲ್ಲಿ ಹೋಗ್ತಿದ್ದಾರೆ.