ಡಿಜಿಟಲ್ ಆಂಟೆನಾ ಎಂಬುದೊಂದು ಇದೆಯೇ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಕೇಬಲ್ ಸಂಪರ್ಕ ತೆಗೆಸಿ, ‘4ಕೆ ಡಿಜಿಟಲ್, 250 ಮೈಲಿ’ ಎಂದು ಬರೆದಿದ್ದ ತೆಳುಹಾಳೆಯ ಆಂಟೆನಾ ತಂದು ಟಿವಿಯ ಹಿಂದಿನ ಗೋಡೆಗೆ ಅಂಟಿಸಿದೆವು. 2 ಮತ್ತು 5ನೆಯ ಚಾನಲ್‌ಗಳು ಬರುತ್ತವೆ. 4, 7 ಮತ್ತು 11 ಬರುವುದಿಲ್ಲ. ಇದಕ್ಕಿಂತ ಒಳ್ಳೆಯ ಡಿಜಿಟಲ್ ಆಂಟೆನಾ ಯಾವುದು?

ಉತ್ತರ: ಈ ಪ್ರಶ್ನೆಗೆ ಇದು ಎಷ್ಟನೆಯ ಉತ್ತರವೋ, ನನಗೇ ಲೆಕ್ಕ ತಪ್ಪಿದೆ. ಕೇಳುವವರ ಊರು ಫ್ರೀಮಾಂಟ್ ಇರಬಹುದು, ಸನಿವೇಲ್ ಇರಬಹುದು, ಮಿಲ್ಪಿಟಾಸ್ ಇರಬಹುದು. ‘ಒಳ್ಳೆಯ ಡಿಜಿಟಲ್ ಆಂಟೆನಾ’ ಎಂಬ ಮಾತು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಬುಡದಿಂದಲೇ ಹೇಳುತ್ತೇನೆ. ಡಿಜಿಟಲ್ ಆಂಟೆನಾ ಎಂಬ ವಸ್ತುವೇ ಇಲ್ಲ.

ಗೋಪುರದಿಂದ ನಿಮ್ಮ ಮನೆಗೆ ಬರುವುದು ರೇಡಿಯೋ ಅಲೆ. ಆ ಅಲೆಯ ಮೇಲೆ ಚಿತ್ರವನ್ನು ಅನಲಾಗ್ ಕ್ರಮದಲ್ಲಿ ಹೇರಿದ್ದಾರೆಯೋ ಡಿಜಿಟಲ್ ಕ್ರಮದಲ್ಲಿ ಹೇರಿದ್ದಾರೆಯೋ ಎಂಬುದು ಲೋಹದ ಕಡ್ಡಿಗೆ ತಿಳಿಯುವುದಿಲ್ಲ, ತಿಳಿಯಬೇಕಾದ ಅಗತ್ಯವೂ ಇಲ್ಲ. ಅದನ್ನು ಬಿಡಿಸಿ ಓದುವುದು ಟಿವಿಯೊಳಗಿನ ಟ್ಯೂನರ್‌ನ ಕೆಲಸ. ಅಮೆರಿಕದ ದೊಡ್ಡ ಕೇಂದ್ರಗಳು 2009ರ ಜೂನ್ 12ರಂದು ಅನಲಾಗ್ ಪ್ರಸಾರವನ್ನು ನಿಲ್ಲಿಸಿದವು. ಆಗ ಹಳೆಯ ಟಿವಿ ಇದ್ದವರಿಗಾಗಿ ಸರ್ಕಾರ 40 ಡಾಲರ್‌ನ ಕೂಪನ್ ಹಂಚಿತ್ತು. ಅದನ್ನು ಕೊಟ್ಟದ್ದು ಡಿಜಿಟಲ್ ಪ್ರಸಾರವನ್ನು ಹಳೆಯ ಟಿವಿಗೆ ತಿಳಿಯುವಂತೆ ಬದಲಿಸುವ ಕನ್ವರ್ಟರ್ ಪೆಟ್ಟಿಗೆ ಕೊಳ್ಳಲೆಂದೇ ಹೊರತು ಆಂಟೆನಾ ಕೊಳ್ಳಲೆಂದಲ್ಲ. ಚಾವಣಿಯ ಮೇಲೆ ಅದಕ್ಕೂ ಹಿಂದೆ ಯಾರೋ ನಿಲ್ಲಿಸಿದ್ದ ಆಂಟೆನಾಗಳು ಮರುದಿನ ಬೆಳಗ್ಗೆ ಏನೂ ಆಗದಂತೆ ಡಿಜಿಟಲ್ ಪ್ರಸಾರವನ್ನು ಹಿಡಿದುಕೊಟ್ಟವು. ಎಂಬತ್ತರ ದಶಕದಲ್ಲಿ ನಮ್ಮೂರುಗಳ ತಾರಸಿಗಳ ಮೇಲೆ ಮೀನಿನ ಮುಳ್ಳಿನಂತೆ ನಿಂತಿರುತ್ತಿದ್ದವಲ್ಲ, ಆ ಯಾಗಿ ಆಂಟೆನಾದ ವಿನ್ಯಾಸವನ್ನು ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಉಡಾ ಮತ್ತು ಯಾಗಿ ಅವರು ಪ್ರಕಟಿಸಿದ್ದು 1926ರಲ್ಲಿ, ಟಿವಿ ಇನ್ನೂ ಯಾರ ಮನೆಗೂ ಬಂದಿರದ ಕಾಲದಲ್ಲಿ. ಇಂದು ನೀವು ಕೊಳ್ಳಬಹುದಾದ ಅತ್ಯುತ್ತಮ ಚಾವಣಿ ಆಂಟೆನಾಗಳಲ್ಲಿ ಹಲವು ಅದೇ ವಂಶದವು.

‘4ಕೆ’ ಎಂಬ ಚೀಟಿಯ ಕತೆಯೂ ಇಷ್ಟೇ. ಚಿತ್ರದ ಸ್ಪಷ್ಟತೆಯನ್ನು ನಿರ್ಧರಿಸುವುದು ಪ್ರಸಾರ ಮಾಡುವ ಕೇಂದ್ರ. ಅದು 720ಪಿ ಅಥವಾ 1080ಐ ಕಳುಹಿಸಿದರೆ ಯಾವ ಆಂಟೆನಾವೂ ಅದನ್ನು 4ಕೆ ಮಾಡಲಾರದು. ಈಗ ಕಾಲಿಟ್ಟಿರುವ ಎಟಿಎಸ್‌ಸಿ 3.0 ಎಂಬ ಹೊಸ ಪ್ರಸಾರಕ್ರಮಕ್ಕೂ ಬೇಕಾಗುವುದು ಹೊಸ ಟ್ಯೂನರ್, ಹೊಸ ಆಂಟೆನಾ ಅಲ್ಲ. ಮಳೆನೀರು ಹಿಡಿಯುವ ಕೊಳಗದ ಮೇಲೆ ‘ಫಿಲ್ಟರ್ ಕಾಫಿಗೆ ವಿಶೇಷ’ ಎಂದು ಅಚ್ಚು ಹಾಕಿ ಹೆಚ್ಚು ಬೆಲೆಗೆ ಮಾರಿದರೆ ನೀವು ನಗುತ್ತೀರಿ. ಆಂಟೆನಾದ ಡಬ್ಬಿಯ ಮೇಲೆ ಅದನ್ನೇ ಮಾಡಿದರೆ ಇಂಜಿನಿಯರ್‌ಗಳೂ ದುಡ್ಡು ಕೊಟ್ಟು ಬರುತ್ತಾರೆ, ಅದೇ ನನ್ನ ಸಂಕಟ.

ಇನ್ನು 250 ಮೈಲಿ. ನಿಮ್ಮ ಕಡೆಯ ಹಲವು ಟಿವಿ ಕೇಂದ್ರಗಳು ಪ್ರಸಾರ ಮಾಡುವ ಸ್ಯಾನ್ ಫ್ರಾನ್ಸಿಸ್ಕೋದ ಸೂಟ್ರೋ ಗೋಪುರ 977 ಅಡಿ ಎತ್ತರವಿದೆ. ಅದು ನಿಂತಿರುವ ಗುಡ್ಡವನ್ನೂ ಸೇರಿಸಿದರೆ ಅದರ ತುದಿ ಸಮುದ್ರಮಟ್ಟದಿಂದ 1,811 ಅಡಿ ಮೇಲಿದೆ. ಭೂಮಿ ದುಂಡಗಿರುವುದರಿಂದ, ಅಷ್ಟು ಎತ್ತರದಿಂದ ಹೊರಟ ಅಲೆಯೂ ಬಯಲು ನೆಲದಲ್ಲಿರುವ ಸಾಧಾರಣ ಮನೆಯ ಚಾವಣಿಯನ್ನು ನೇರವಾಗಿ ತಲುಪುವುದು ಸುಮಾರು 65–70 ಮೈಲಿಯವರೆಗೆ ಮಾತ್ರ. ಸ್ಯಾನ್ ಫ್ರಾನ್ಸಿಸ್ಕೋದಿಂದ 250 ಮೈಲಿ ಎಂದರೆ ಹೆಚ್ಚುಕಡಿಮೆ ಬೇಕರ್ಸ್‌ಫೀಲ್ಡ್. ಹವಾಮಾನದ ವೈಚಿತ್ರ್ಯದಿಂದ ಅಪರೂಪಕ್ಕೊಮ್ಮೆ ಅಲೆಗಳು ಬಾಗಿ ದೂರ ಹೋಗುವುದುಂಟು, ಆದರೆ ದಿನವೂ ಸಂಜೆಯ ವಾರ್ತೆ ನೋಡಲು ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನಿಮಗಂತೂ ಬೇಕಾಗಿರುವುದು ಸುಮಾರು 30 ಮೈಲಿ ಅಷ್ಟೆ, ಅಂದಮೇಲೆ ಈ ಸಂಖ್ಯೆಗೆ ಮರುಳಾಗುವ ಕಾರಣವಾದರೂ ಏನಿತ್ತು?

ನಿಮ್ಮ ಪ್ರಶ್ನೆಯ ನಿಜವಾದ ಸ್ವಾರಸ್ಯ ಇರುವುದು 2, 5 ಬಂದು 4, 7, 11 ಬಾರದಿರುವುದರಲ್ಲಿ. ಪರದೆಯ ಮೇಲೆ ಕಾಣುವ ಸಂಖ್ಯೆ ಹಳೆಯ ಕಾಲದಿಂದ ಬಂದ ಹೆಸರು ಮಾತ್ರ. ಕೇಂದ್ರವು ನಿಜವಾಗಿ ಬಳಸುವ ಚಾನಲ್ ಬೇರೆಯೇ ಇರುತ್ತದೆ. 2 ಎಂದು ಕಾಣುವ ಕೆಟಿವಿಯು ಎಂಬ ಕೇಂದ್ರ ವಾಸ್ತವದಲ್ಲಿ 31ರಲ್ಲಿದೆ. 5 ಎಂದು ಕಾಣುವ ಕೆಪಿಐಎಕ್ಸ್ 29ರಲ್ಲಿದೆ. ಇವೆರಡೂ ಯುಎಚ್‌ಎಫ್, ಅಂದರೆ ಅಲೆಯುದ್ದ ಕಡಿಮೆ ಇರುವ ಅಲೆಗಳು. 4 ಎಂದು ಕಾಣುವ ಕ್ರಾನ್ ಮೊದಲು 38ರಲ್ಲಿತ್ತು. 38 ಮತ್ತು ಅದರ ಮೇಲಿನ ಚಾನಲ್‌ಗಳು ಮೊಬೈಲ್ ಕಂಪನಿಗಳ ಪಾಲಾದ ಮೇಲೆ, 2020ರಲ್ಲಿ ಮುಗಿದ ಮರುಹಂಚಿಕೆಯಲ್ಲಿ, ಅದು 7ಕ್ಕೆ ಇಳಿಯಿತು. 7 ಎಂದು ಕಾಣುವ ಕೆಜಿಒ 12ಕ್ಕೂ, 11 ಎಂದು ಕಾಣುವ ಕೆಎನ್‌ಟಿವಿ 13ಕ್ಕೂ ಹೋದವು. ಈ ಮೂರೂ ವಿಎಚ್‌ಎಫ್, ಅಂದರೆ ಅಲೆಯುದ್ದ ಹೆಚ್ಚಿರುವ ಅಲೆಗಳು.

ಆಂಟೆನಾದ ಕಡ್ಡಿ ಸರಿಸುಮಾರು ಅರ್ಧ ಅಲೆಯುದ್ದವಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. 29ನೆಯ ಚಾನಲ್‌ಗೆ ಅದು ಸುಮಾರು 27 ಸೆಂಟಿಮೀಟರ್, 7ನೆಯ ಚಾನಲ್‌ಗೆ ಸುಮಾರು 85 ಸೆಂಟಿಮೀಟರ್. ಒಂದಡಿ ಅಗಲದ ನಿಮ್ಮ ಹಾಳೆಯೊಳಗೆ ಮೊದಲನೆಯದು ಹಿಡಿಸುತ್ತದೆ, ಎರಡನೆಯದು ಹಿಡಿಸುವುದಿಲ್ಲ. ನಿಮ್ಮ ಆಂಟೆನಾ ಕೆಟ್ಟಿಲ್ಲ, ಅದು ಗಿಡ್ಡ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದದ್ದು ‘ಡಿಜಿಟಲ್ಲೇ?’ ಎಂದಲ್ಲ, ‘7ರಿಂದ 13ರವರೆಗಿನ ವಿಎಚ್‌ಎಫ್ ಮತ್ತು 14ರಿಂದ 36ರವರೆಗಿನ ಯುಎಚ್‌ಎಫ್ ಎರಡನ್ನೂ ಹಿಡಿಯುವ ಕಡ್ಡಿಗಳು ಇದರಲ್ಲಿ ಇವೆಯೇ?’ ಎಂದು. ಉದ್ದ ಕಡ್ಡಿಗಳು ಕಣ್ಣಿಗೇ ಕಾಣುತ್ತವೆ, ಡಬ್ಬಿಯ ಮಾತನ್ನು ನಂಬಬೇಕಾಗಿಲ್ಲ.

ಇಡುವ ಜಾಗದ ವಿಚಾರದಲ್ಲಿ, ಟಿವಿಯ ಹಿಂದಿನ ಗೋಡೆ ಮನೆಯಲ್ಲೇ ಅತ್ಯಂತ ಕೆಟ್ಟ ಸ್ಥಳಗಳಲ್ಲೊಂದು. ಕ್ಯಾಲಿಫೋರ್ನಿಯಾದ ಮನೆಗಳ ಹೊರಗೋಡೆಗೆ ಸ್ಟಕ್ಕೋ ಗಾರೆ ಮೆತ್ತುವ ಮೊದಲು ಒಳಗೆ ತಂತಿಬಲೆ ಹೊಡೆದಿರುತ್ತಾರೆ. ಅದು ಅಲೆಗಳಿಗೆ ಪಂಜರವಿದ್ದಂತೆ. ಶಾಖ ತಡೆಯಲು ಲೋಹದ ಲೇಪ ಹಚ್ಚಿದ ಕಿಟಕಿಗಾಜು ಕೂಡ ಅಲೆಯನ್ನು ಕುಗ್ಗಿಸುತ್ತದೆ. ಅಟ್ಟದಲ್ಲಿ ಇಡಬಹುದು, ಆದರೆ ಸೂರಿನ ಒಳಮೈಗೆ ಬೆಳ್ಳಿಹಾಳೆ ಹೊದಿಸಿದ್ದರೆ ಅಲ್ಲಿಯೂ ಅದೇ ಕತೆ. ಚಾವಣಿಯ ಮೇಲೆ, ವಾಯುವ್ಯಕ್ಕಿಂತ ತುಸು ಪಶ್ಚಿಮಕ್ಕೆ ಮುಖಮಾಡಿ ನಿಲ್ಲಿಸಿದರೆ ಸೂಟ್ರೋವೂ, ಕೆಎನ್‌ಟಿವಿ ಪ್ರಸಾರವಾಗುವ ಸ್ಯಾನ್ ಬ್ರೂನೋ ಬೆಟ್ಟವೂ ಫ್ರೀಮಾಂಟ್‌ನಿಂದ ಒಂದೇ ನೋಟಕ್ಕೆ ಸಿಗುತ್ತವೆ. ಕಂಬವನ್ನೂ ಕೇಬಲ್ಲನ್ನೂ ಮನೆಯ ಅರ್ತಿಂಗ್‌ಗೆ ಜೋಡಿಸುವುದನ್ನು ಮರೆಯಬಾರದು. ದೂರಕ್ಕಿಂತ ಅಡ್ಡಬರುವ ಗುಡ್ಡ ದೊಡ್ಡ ಶತ್ರು: ಸ್ಯಾನ್ ರಮೋನ್ ಎಂಬ ಊರು ಸೂಟ್ರೋ ಗೋಪುರಕ್ಕೆ ನಿಮಗಿಂತ ದೂರವೇನಿಲ್ಲ, ಆದರೆ ನಡುವೆ ಗುಡ್ಡಸಾಲು ಎದ್ದು ನಿಂತಿರುವುದರಿಂದ ಅಲ್ಲಿಯವರ ಪಾಡು ಬೇರೆ. ಕೊಳ್ಳುವ ಮೊದಲು ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ಡಿಟಿವಿ ನಕ್ಷೆಯಲ್ಲಿ ನಿಮ್ಮ ವಿಳಾಸ ಹಾಕಿದರೆ ಯಾವ ಕೇಂದ್ರ ಯಾವ ದಿಕ್ಕಿನಲ್ಲಿ, ಎಷ್ಟು ಬಲದಲ್ಲಿ ಸಿಗಬಹುದು ಎಂಬುದು ತಿಳಿಯುತ್ತದೆ.

‘ಆಂಪ್ಲಿಫೈಯರ್ ಹಾಕಿದರೆ ಆಗದೇ?’ ಎಂದು ನೀವು ಮುಂದೆ ಕೇಳುವಿರೆಂದು ಗೊತ್ತು. ಅದು ಉದ್ದ ಕೇಬಲ್ಲಿನಲ್ಲೂ, ಒಂದು ಕೇಬಲ್ಲನ್ನು ಹಲವು ಟಿವಿಗಳಿಗೆ ಹಂಚುವ ಸ್ಪ್ಲಿಟರ್‌ನಲ್ಲೂ ಆಗುವ ನಷ್ಟವನ್ನು ತುಂಬುತ್ತದೆ. ಆಂಟೆನಾ ಹಿಡಿಯದೇ ಇದ್ದದ್ದನ್ನು ಹುಟ್ಟಿಸುವುದಿಲ್ಲ. ಗೋಪುರದ ಬುಡದಲ್ಲೇ ಇರುವವರಿಗಂತೂ ಅದರಿಂದ ಟ್ಯೂನರ್ ತತ್ತರಿಸಿ, ಬರುತ್ತಿದ್ದ ಚಾನಲ್ಲೂ ಹೋಗಬಹುದು.

ಚಾವಣಿ ಎಂದೊಡನೆ ‘ನಮ್ಮ ಎಚ್‌ಒಎ (ನಿವಾಸಿಗಳ ಸಂಘ) ಒಪ್ಪುವುದಿಲ್ಲ’ ಎಂದು ಆಸೆಯನ್ನೇ ಬಿಟ್ಟವರು ಬಹಳ ಮಂದಿ. ನೀವು ಕೇಳಲಿಲ್ಲವಾದರೂ ಇದನ್ನು ಹೇಳಲೇಬೇಕು. 1996ರಿಂದ ಜಾರಿಯಲ್ಲಿರುವ ಎಫ್‌ಸಿಸಿಯ ‘ಒಟಾರ್ಡ್’ ನಿಯಮದ ಪ್ರಕಾರ, ನಿಮ್ಮ ಸ್ವಂತ ಉಪಯೋಗಕ್ಕೇ ಮೀಸಲಾದ ಜಾಗದಲ್ಲಿ ಟಿವಿ ಆಂಟೆನಾ ನಿಲ್ಲಿಸುವುದನ್ನು ನಿವಾಸಿಗಳ ಸಂಘ ತಡೆಯುವಂತಿಲ್ಲ. ಅನಗತ್ಯ ವಿಳಂಬ ಮಾಡುವಂತಿಲ್ಲ, ಖರ್ಚು ಏರಿಸುವಂತಿಲ್ಲ, ಸರಿಯಾಗಿ ಬಾರದ ಮೂಲೆಗೆ ತಳ್ಳುವಂತೆಯೂ ಇಲ್ಲ. ಸುರಕ್ಷತೆಯ ಷರತ್ತುಗಳನ್ನು ಹಾಕಬಹುದು. ಕಂಬ ಚಾವಣಿಯಿಂದ 12 ಅಡಿಗೂ ಮೇಲೆ ಹೋದರೆ ಅನುಮತಿ ಪಡೆಯಬೇಕೆಂದು ಹೇಳಬಹುದು. ಎಲ್ಲರಿಗೂ ಸೇರಿದ ಕಾಂಡೋ ಚಾವಣಿಗೆ ಈ ರಕ್ಷಣೆ ಇಲ್ಲ. ಬಾಡಿಗೆದಾರರಿಗೆ 1999ರಿಂದ ಇದು ಅನ್ವಯಿಸುತ್ತದೆ, ಆದ್ದರಿಂದ ನಿಮ್ಮೊಬ್ಬರದೇ ಆದ ಬಾಲ್ಕನಿಯಲ್ಲಿ ಧೈರ್ಯವಾಗಿ ನಿಲ್ಲಿಸಬಹುದು; ಆ ಬಾಲ್ಕನಿ ಆಗ್ನೇಯಕ್ಕೆ ಮುಖಮಾಡಿದ್ದರೆ ಮಾತ್ರ ಎಫ್‌ಸಿಸಿಯೂ ಏನೂ ಮಾಡಲಾರದು.