ಹಣ್ಣುನೊಣದ ಕಾಂಡಕೋಶಕ್ಕೆ ‘ನೀನು ಇಲ್ಲೇ ಇರು’ ಅನ್ನೋದು ಯಾರು?

ಪ್ರಶ್ನೆ: ಹಣ್ಣುನೊಣದ ಅಂಡಾಶಯದಲ್ಲಿ ಒಂದು ಕಾಂಡಕೋಶ (ಸ್ಟೆಮ್ ಸೆಲ್, ಅಂದ್ರೆ ಒಡೆಯುತ್ತಾ ಹೊಸ ಕೋಶಗಳನ್ನು ಕೊಡುತ್ತಲೇ ಇರುವ ಮೂಲ ಕೋಶ) ಎರಡಾದಾಗ, ಒಂದು ಕಾಂಡಕೋಶವಾಗಿಯೇ ಉಳಿದು ಇನ್ನೊಂದು ಮೊಟ್ಟೆಯಾಗುವ ದಾರಿ ಹಿಡಿಯುತ್ತದಂತೆ. ಎರಡರಲ್ಲೂ ಇರೋದು ಒಂದೇ ಡಿಎನ್‌ಎ ಅಲ್ವಾ? ಯಾವುದು ಏನಾಗಬೇಕು ಅಂತ ತೀರ್ಮಾನಿಸೋದು ಯಾರು?

ಉತ್ತರ: ಪಕ್ಕದ ಕೋಶಗಳು. ಇಲ್ಲಿ ಕಾಂಡಕೋಶ ತನ್ನಷ್ಟಕ್ಕೆ ತಾನೇ ಕಾಂಡಕೋಶವಾಗಿ ಉಳಿಯೋದಿಲ್ಲ, ಅಕ್ಕಪಕ್ಕದವರು ಇಟ್ಟುಕೊಂಡಿದ್ದಕ್ಕೆ ಉಳಿಯುತ್ತದೆ.

ಮೊದಲು ಜಾಗ ನೋಡೋಣ. ಕಳಿತ ಬಾಳೆಹಣ್ಣಿಗೆ ಮುತ್ತಿಕೊಳ್ಳುತ್ತವಲ್ಲ, ಅಂಥ ಸಣ್ಣ ನೊಣ ಇದು. ಹೆಣ್ಣಿಗೆ ಎರಡು ಅಂಡಾಶಯ, ಒಂದೊಂದರಲ್ಲಿ ಸುಮಾರು 16ರಿಂದ 20 ಕೊಳವೆ. ಪ್ರತಿ ಕೊಳವೆಯ ತುದಿಯಲ್ಲಿ ಬರೀ ಎರಡೋ ಮೂರೋ ಕಾಂಡಕೋಶ ಇರುತ್ತವೆ. ಅವುಗಳಿಗೆ ಒತ್ತಿಕೊಂಡೇ ಐದಾರು ‘ಕ್ಯಾಪ್’ ಕೋಶಗಳು. ಈ ಕ್ಯಾಪ್ ಕೋಶಗಳು ಯಾವತ್ತೂ ಮೊಟ್ಟೆಯಾಗುವುದಿಲ್ಲ. ಮೊಟ್ಟೆಯಾಗಬಲ್ಲವರನ್ನು ಕಾಯುವುದಷ್ಟೇ ಅವುಗಳ ಕೆಲಸ.

ಅವು ಕಾಯೋದು ಎರಡು ರೀತಿಯಲ್ಲಿ. ಒಂದು, ಇ-ಕ್ಯಾಡ್ಹೆರಿನ್ ಅನ್ನುವ ಅಂಟು ಪ್ರೋಟೀನಿನಿಂದ ಕಾಂಡಕೋಶವನ್ನು ಹಿಡಿದುಕೊಳ್ಳುತ್ತವೆ. ಇನ್ನೊಂದು, ಡಿಪಿಪಿ ಅನ್ನುವ ಸಂಕೇತದ ಪ್ರೋಟೀನನ್ನು ಹೊರಬಿಡುತ್ತವೆ. ಅದು ಕಾಂಡಕೋಶದ ಮೈಮೇಲಿನ ಗ್ರಾಹಕಕ್ಕೆ (ರಿಸೆಪ್ಟರ್, ಅಂದ್ರೆ ಸಂಕೇತ ಹಿಡಿದುಕೊಳ್ಳುವ ಪ್ರೋಟೀನ್) ತಗಲಿದರೆ ಸುದ್ದಿ ಒಳಗಿನ ನ್ಯೂಕ್ಲಿಯಸ್ ತನಕ ಹೋಗಿ, ಅಲ್ಲಿ ‘ಬ್ಯಾಮ್’ ಅನ್ನುವ ಒಂದು ಜೀನಿನ ಬಾಯಿ ಮುಚ್ಚಿಸುತ್ತದೆ. ಮೊಟ್ಟೆಯ ದಾರಿ ಹಿಡಿಯಲು ಬ್ಯಾಮ್ ಬೇಕೇ ಬೇಕು. ಅಂದ್ರೆ ಕ್ಯಾಪ್ ಕೋಶ ಹೇಳುವುದು ‘ಕಾಂಡಕೋಶವಾಗು’ ಅಂತಲ್ಲ, ‘ಬೇರೆ ಏನೂ ಆಗಬೇಡ’ ಅಂತ.

ಇದು ಬರೀ ಊಹೆಯಲ್ಲ. ಬ್ಯಾಮ್ ಇಲ್ಲದ ನೊಣದ ಅಂಡಾಶಯದಲ್ಲಿ ಮೊಟ್ಟೆಯೇ ಆಗುವುದಿಲ್ಲ, ದುಂಡು ದುಂಡು ಕೋಶಗಳು ತುಂಬಿಕೊಳ್ಳುತ್ತವೆ. ಬಲವಂತವಾಗಿ ಬ್ಯಾಮ್ ಚಾಲೂ ಮಾಡಿದರೆ ಇದ್ದ ಕಾಂಡಕೋಶಗಳೂ ಮೊಟ್ಟೆಯ ದಾರಿ ಹಿಡಿದು ಖಾಲಿಯಾಗುತ್ತವೆ. ಡಿಪಿಪಿ ಜಾಸ್ತಿಯಾದರೆ ಕಾಂಡಕೋಶದಂಥವುಗಳ ಗಡ್ಡೆ, ಕಮ್ಮಿಯಾದರೆ ಕಾಂಡಕೋಶಗಳೇ ನಾಪತ್ತೆ ಎಂದು 1998ರಲ್ಲಿ ವಿಜ್ಞಾನಿಗಳಾದ ಟಿಂಗ್ ಷೀ ಮತ್ತು ಆಲನ್ ಸ್ಪ್ರಾಡ್ಲಿಂಗ್ ತೋರಿಸಿದರು. 2000ದಲ್ಲಿ ಅವರೇ ಇನ್ನೊಂದು ವಿಷಯ ತೋರಿಸಿದರು, ನನಗೆ ಇದೇ ಹೆಚ್ಚು ಇಷ್ಟ: ಒಂದು ಕಾಂಡಕೋಶ ಜಾಗ ಬಿಟ್ಟರೆ ಪಕ್ಕದ ಕಾಂಡಕೋಶ ಅಡ್ಡಕ್ಕೆ ಒಡೆದು, ಅದರ ಮರಿಯೊಂದು ಆ ಖಾಲಿ ಜಾಗಕ್ಕೆ ಬಂದು ಕೂತು ತಾನೂ ಕಾಂಡಕೋಶವಾಗಿ ಉಳಿಯುತ್ತದೆ. ಜಾಗ ಸಿಕ್ಕಿದವರಿಗೆ ಕೆಲಸ ಸಿಕ್ಕಿತು ಅಂತಾಯ್ತು.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ಸಾಮಾನ್ಯವಾಗಿ ಕಾಂಡಕೋಶ ಒಡೆಯುವುದು ಒಂದು ಮರಿ ಕ್ಯಾಪ್ ಕೋಶಕ್ಕೆ ಅಂಟಿಕೊಂಡಿರುವಂತೆ, ಇನ್ನೊಂದು ಸ್ವಲ್ಪ ಆಚೆ ಬೀಳುವಂತೆ. ಸ್ವಲ್ಪ ಅಂದ್ರೆ ಎಷ್ಟು? ಒಂದೇ ಒಂದು ಕೋಶದಷ್ಟು. ಡಿಪಿಪಿ ಹೊರಗೆ ಹರಡುವ ಪ್ರೋಟೀನ್, ಇದೇ ನೊಣದ ಮರಿಹುಳುವಿನಲ್ಲಿ ರೆಕ್ಕೆ ರೂಪುಗೊಳ್ಳುವಾಗ ಎಷ್ಟೋ ಕೋಶ ದಾಟಿ ಹೋಗುತ್ತದೆ. ಇಲ್ಲಿ ಮಾತ್ರ ಪಕ್ಕದ ಮನೆಗೂ ತಲುಪಲ್ಲ ಅಂದ್ರೆ ಯಾರೋ ತಡೆಯುತ್ತಿದ್ದಾರೆ ಅಂತಲೇ ಅರ್ಥ.

ತಡೆಯುವವರಲ್ಲಿ ಮುಖ್ಯರು ‘ಎಸ್ಕಾರ್ಟ್’ ಕೋಶಗಳು. ಇವು ಕ್ಯಾಪ್ ಕೋಶಗಳ ಆಚೆ ಕೊಳವೆಯ ಗೋಡೆಗುಂಟ ಕೂತು, ತೆಳ್ಳಗಿನ ಉದ್ದ ತೋಳು ಚಾಚಿ, ಹೊರಟ ಮರಿಕೋಶವನ್ನು ಸುತ್ತಿಕೊಳ್ಳುತ್ತವೆ. ಅವುಗಳ ಮೈಮೇಲೂ ಡಿಪಿಪಿ ಗ್ರಾಹಕ ಇದೆ, ಸೋರಿ ಬಂದದ್ದನ್ನು ಅದು ಹೀರಿಕೊಳ್ಳುತ್ತದೆ. ಜೊತೆಗೆ ಡ್ಯಾಲಿ ಅನ್ನುವ ಪ್ರೋಟೀನ್ ಇದೆ. ಡಿಪಿಪಿಯನ್ನು ಹಿಡಿದಿಟ್ಟು ಅದರ ಕೈ ಬಲಪಡಿಸುವುದು ಇದೇ. ಕ್ಯಾಪ್ ಕೋಶದಲ್ಲಿ ಇದು ಧಾರಾಳವಾಗಿರುತ್ತದೆ, ಎಸ್ಕಾರ್ಟ್ ಕೋಶದಲ್ಲಿ ಕಮ್ಮಿ. ಕಮ್ಮಿ ಇಡಿಸುವವರು ಯಾರು ಗೊತ್ತಾ? ಆ ಮೊಟ್ಟೆ ವಂಶದ ಕೋಶಗಳೇ! ಅವು ಎಸ್ಕಾರ್ಟ್ ಕೋಶಗಳಿಗೆ ಬೇರೊಂದು ಸಂಕೇತ ಕಳಿಸಿ ಡ್ಯಾಲಿ ಹೆಚ್ಚದಂತೆ ನೋಡಿಕೊಳ್ಳುತ್ತವೆ. ಆ ಸಂಕೇತ ಕೆಡಿಸಿದರೆ ಎಸ್ಕಾರ್ಟ್ ಕೋಶದಲ್ಲಿ ಡ್ಯಾಲಿ ಏರುತ್ತದೆ, ಡಿಪಿಪಿ ಆಚೆಗೂ ಕೆಲಸ ಮಾಡುತ್ತದೆ, ಮುಂದೆ ಹೋಗಬೇಕಾದ ಕೋಶಗಳು ಬಲಿಯದೆ ಅಲ್ಲೇ ಗುಂಪು ಕಟ್ಟುತ್ತವೆ. ಹಾಗಾಗಿ ಬರೀ ಮೇಲಿನವರ ಅಪ್ಪಣೆ ಅಂದುಕೊಂಡರೆ ತಪ್ಪಾಗುತ್ತದೆ, ಎರಡೂ ಕಡೆ ಮಾತುಕತೆ ನಡೆದಿರುತ್ತದೆ. ಆಚೆ ಬಿದ್ದ ಮರಿಕೋಶವೂ ಸುಮ್ನೆ ಕೂರುವುದಿಲ್ಲ, ತನ್ನ ಡಿಪಿಪಿ ಗ್ರಾಹಕವನ್ನು ತಾನೇ ಒಡೆದು ಹಾಕಿಕೊಳ್ಳುತ್ತದೆ.

ಆಮೇಲೆ ಬ್ಯಾಮ್ ಎದ್ದು, ಮರಿಕೋಶ ನಾಲ್ಕು ಸಲ ಒಡೆದು, ಪೂರ್ತಿ ಬೇರೆಯಾಗದ 16 ಕೋಶಗಳ ಗುಂಪಾಗುತ್ತದೆ. ಅದರಲ್ಲಿ ಒಂದು ಮೊಟ್ಟೆ, ಉಳಿದ 15 ಅದಕ್ಕೆ ಉಣಿಸುವವರು.

ಊಟದ ಪ್ರಭಾವವೂ ಇದೆ. ನೊಣಕ್ಕೆ ಯೀಸ್ಟ್ ಹೇರಳವಾಗಿ ಸಿಕ್ಕಾಗ ಮತ್ತು ಪ್ರೋಟೀನ್ ಕಮ್ಮಿಯಿದ್ದಾಗ ಇಡುವ ಮೊಟ್ಟೆಗಳಲ್ಲಿ 60 ಪಟ್ಟಿನಷ್ಟು ವ್ಯತ್ಯಾಸ ಬರುತ್ತದೆ. ಮಿದುಳಿನಿಂದ ಬರುವ ಇನ್ಸುಲಿನ್‌ನಂಥ ಪ್ರೋಟೀನುಗಳು ಕಾಂಡಕೋಶ ಒಡೆಯುವ ವೇಗವನ್ನಷ್ಟೇ ಅಲ್ಲ, ಕ್ಯಾಪ್ ಕೋಶಗಳ ಸಂಖ್ಯೆಯನ್ನೂ ಕಾಪಾಡುತ್ತವೆ. ವಯಸ್ಸಾದಂತೆ ಡಿಪಿಪಿ ಸಂಕೇತವೂ ಅಂಟೂ ಎರಡೂ ಸಡಿಲವಾಗಿ ಕಾಂಡಕೋಶಗಳು ಒಂದೊಂದಾಗಿ ಜಾರುತ್ತವೆ. ಪ್ರಯೋಗದಲ್ಲಿ ಈ ಎರಡರಲ್ಲಿ ಒಂದನ್ನು ಹೆಚ್ಚಿಸಿದರೂ ಅವು ಇನ್ನಷ್ಟು ದಿನ ಉಳಿದುಕೊಳ್ಳುತ್ತವೆ.